ಸರ್ ನಾರಾಯಣ ಚಂದಾವರಕರರು: ಹೊನ್ನಾವರದ ವಕೀಲರೊಬ್ಬರ ರಾಜಕೀಯ ಜೀವನ

೧

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶದ ಸಾರ್ವಜನಿಕ ಜೀವನಕ್ಕೆ ಆಕಾರ ಕೊಟ್ಟವರಲ್ಲಿ ವಕೀಲರ ಪಾಲು ಎಲ್ಲಕ್ಕಿಂತ ದೊಡ್ಡದು. ರಾಜಮಹಾರಾಜರಿಗೆ ಆ ಕೆಲಸಕ್ಕೆ ಧೈರ್ಯವಿರಲಿಲ್ಲ, ಸರಕಾರಿ ನೌಕರರಿಗೆ ಸ್ವಾತಂತ್ರ್ಯವಿರಲಿಲ್ಲ, ರೈತರಿಗೆ ಬಿಡುವಿರಲಿಲ್ಲ. ಕಾನೂನಿನ ಭಾಷೆಯನ್ನು ಬಲ್ಲವನೂ, ಸರಕಾರದ ಸಂಬಳಕ್ಕೆ ಕೈಯೊಡ್ಡದವನೂ, ನಾಲ್ಕು ಜನರೆದುರು ನಿಂತು ಮಾತನಾಡಲು ಅಭ್ಯಾಸವಿದ್ದವನೂ ಆದವನು ವಕೀಲನೊಬ್ಬನೇ. ಆದುದರಿಂದ ಸಭೆ, ಪತ್ರಿಕೆ, ಮನವಿ, ನಿಯೋಗ ಎಂಬ ಹೊಸ ಸಾಧನಗಳು ಮೊದಲು ಅವನ ಕೈಗೇ ಬಂದವು.

ಇದು ನಮ್ಮ ದೇಶಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಅದೇ ಶತಮಾನದ ಅಮೆರಿಕದಲ್ಲಿಯೂ ರಾಜಕಾರಣಕ್ಕೆ ಹೋಗುವ ಹೆದ್ದಾರಿ ನ್ಯಾಯಾಲಯದ ಮುಂದೆಯೇ ಹಾದುಹೋಗುತ್ತಿತ್ತು. ಇಲಿನಾಯ್ ಪ್ರಾಂತದ ಸಣ್ಣ ಊರುಗಳ ಕೋರ್ಟುಗಳಲ್ಲಿ ವಾದಿಸುತ್ತಿದ್ದ ಅಬ್ರಹಾಂ ಲಿಂಕನ್ ೧೮೬೧ರಲ್ಲಿ ಆ ದೇಶದ ಅಧ್ಯಕ್ಷನಾದನು. ಆದರೆ ಎರಡು ದೇಶಗಳಿಗೂ ಒಂದು ಮುಖ್ಯ ಭೇದವಿತ್ತು. ಅಲ್ಲಿ ವಕೀಲನು ಏರಬಹುದಾದ ಏಣಿಗೆ ಮೇಲಿನ ಮೆಟ್ಟಿಲುಗಳಿದ್ದವು: ಪ್ರಾಂತದ ಶಾಸನಸಭೆ, ರಾಷ್ಟ್ರದ ಶಾಸನಸಭೆ, ಅಧ್ಯಕ್ಷಪದವಿ. ಇಲ್ಲಿ ಆ ಮೆಟ್ಟಿಲುಗಳನ್ನು ಕಟ್ಟಿರಲೇ ಇಲ್ಲ. ಚುನಾಯಿತ ಸಭೆಯಿಲ್ಲದ ದೇಶದಲ್ಲಿ ರಾಜಕಾರಣಿಯಾದ ವಕೀಲನ ಗತಿಯೇನು? ಈ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಒಂದು ಜೀವನ ನಮ್ಮ ಕರಾವಳಿಯಿಂದಲೇ ಹೊರಟಿತು. ೧೯೦೦ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸರ್ ನಾರಾಯಣ ಗಣೇಶ ಚಂದಾವರಕರರ ಜೀವನವೇ ಅದು. ಅವರ ಹುಟ್ಟೂರು ಹೊನ್ನಾವರ. ಅವರು ಕಣ್ಣು ಮುಚ್ಚಿದ್ದು ಬೆಂಗಳೂರಿನಲ್ಲಿ. ನಡುವಿನ ಬಾಳೆಲ್ಲ ಬಹುಮಟ್ಟಿಗೆ ಮುಂಬಯಿಯದು. ಆ ಜೀವನದ ಮುಖ್ಯ ಘಟ್ಟಗಳನ್ನು ಪರಿಶೀಲಿಸಿ, ಅವರನ್ನು ನಾವು ಯಾವ ಅರ್ಥದಲ್ಲಿ ನಮ್ಮವರೆನ್ನಬಹುದು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

೨

ಚಂದಾವರಕರರು ೧೮೫೫ನೆಯ ಡಿಸೆಂಬರ್ ೨ರಂದು ಹೊನ್ನಾವರದಲ್ಲಿ ಜನಿಸಿದರು. ಅವರ ಮನೆತನದ ಹೆಸರು ಹೊನ್ನಾವರಕ್ಕೆ ಸಮೀಪದ ಚಂದಾವರವೆಂಬ ಹಳೆಯ ಊರಿನಿಂದ ಬಂದುದು. ಅವರು ಚಿತ್ರಾಪುರ ಸಾರಸ್ವತ ಸಮಾಜಕ್ಕೆ ಸೇರಿದವರು. ಆ ಸಮಾಜದ ಮನೆಮಾತು ಕೊಂಕಣಿ. ಆದರೆ ಓದುಬರಹಕ್ಕೂ ಲೆಕ್ಕಪತ್ರಕ್ಕೂ ಅವರು ತಲೆತಲಾಂತರದಿಂದ ಬಳಸಿಕೊಂಡು ಬಂದುದು ಕನ್ನಡ.

ಇಲ್ಲಿ ಮದರಾಸಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯುಂಟು. ಚಂದಾವರಕರರು ಹುಟ್ಟಿದಾಗ ಹೊನ್ನಾವರವು ಮುಂಬಯಿ ಪ್ರಾಂತಕ್ಕೆ ಸೇರಿರಲಿಲ್ಲ. ಮದರಾಸು ಪ್ರಾಂತಕ್ಕೆ ಸೇರಿತ್ತು. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಇಡೀ ಕೆನರಾ ಜಿಲ್ಲೆ, ಎಂದರೆ ಉತ್ತರ ಕನ್ನಡ ದಕ್ಷಿಣ ಕನ್ನಡಗಳೆರಡೂ, ಮದರಾಸು ಸರಕಾರದ ಆಳ್ವಿಕೆಗೆ ಬಂದವು. ಈ ಜಿಲ್ಲೆಯನ್ನು ಆಮೇಲೆ ಇಬ್ಭಾಗಮಾಡಿ, ೧೮೬೨ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಆಗ ನಾರಾಯಣನು ಏಳು ವರ್ಷ ತುಂಬದ ಬಾಲಕ.

ಈ ವರ್ಗಾವಣೆಗೆ ಕಾರಣ ಜನರ ಭಾಷೆಯೂ ಅಲ್ಲ, ಜನರ ಅಪೇಕ್ಷೆಯೂ ಅಲ್ಲ; ಹತ್ತಿ. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟವಿಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕು. ಅದಕ್ಕಾಗಿ ಹತ್ತಿ ಬೆಳೆಯುವ ನೆಲವೂ ಬಂದರೂ ಒಂದೇ ಪ್ರಾಂತದ ಕೈಯಲ್ಲಿರಬೇಕು ಎಂಬುದು ಮುಂಬಯಿಯ ವರ್ತಕರ ಬೇಡಿಕೆಯಾಗಿತ್ತು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಲಿಂಕನ್ನನು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಇಲ್ಲದಂತಾಯಿತು. ಭಾರತದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಇಂಥ ತುರ್ತಿನ ಗಳಿಗೆಯಲ್ಲಿ ಉತ್ತರ ಕನ್ನಡದ ಗಡಿ ಬದಲಾಯಿತು. ವಿಪರ್ಯಾಸವೆಂದರೆ ಕಾರವಾರವು ವರ್ತಕರು ಎಣಿಸಿದಷ್ಟು ದೊಡ್ಡ ಬಂದರಾಗಲಿಲ್ಲ. ೧೮೮೦ರ ದಶಕದಲ್ಲಿ ರೈಲುಮಾರ್ಗವು ಪೋರ್ತುಗೀಜರ ಆಳ್ವಿಕೆಯಲ್ಲಿದ್ದ ಮರ್ಮಗೋವೆಯ ಕಡೆಗೆ ಹೋಯಿತು. ಹತ್ತಿಯ ಕನಸು ಕರಗಿತು, ಗಡಿ ಮಾತ್ರ ಉಳಿಯಿತು. ಎರಡು ಕನ್ನಡ ಜಿಲ್ಲೆಗಳು ಮತ್ತೆ ಒಂದು ರಾಜ್ಯದಲ್ಲಿ ಸೇರಿದ್ದು ೧೯೫೬ರ ನವೆಂಬರ್ ೧ರಂದು, ತೊಂಬತ್ತನಾಲ್ಕು ವರ್ಷಗಳ ತರುವಾಯ. ಅಷ್ಟರಲ್ಲಿ ಕಾಸರಗೋಡು ಕೇರಳದ ಪಾಲಾಯಿತು.

ಇದರ ಪರಿಣಾಮ ಕಾಗದದ ನಕ್ಷೆಗಷ್ಟೇ ಸೀಮಿತವಾಗಲಿಲ್ಲ. ದಕ್ಷಿಣ ಕನ್ನಡದ ಹುಡುಗನು ಉಚ್ಚ ಶಿಕ್ಷಣಕ್ಕೆ ಮದರಾಸಿಗೆ ಬಂದನು. ಆ ಜಿಲ್ಲೆಯ ಅಪೀಲುಗಳು ಮದರಾಸು ಹೈಕೋರ್ಟಿಗೆ ಬಂದವು. ಕಕ್ಷಿಗಾರರೊಡನೆ ವಕೀಲರೂ, ಗುಮಾಸ್ತರೂ, ವಿದ್ಯಾರ್ಥಿಗಳೂ ಬಂದರು. ಇಂದು ಪುರಸೈವಾಕ್ಕಂನಿಂದ ಹೈಕೋರ್ಟಿನ ಕೆಂಪು ಗೋಪುರಗಳವರೆಗೆ ಹೋಗಿಬರುವ ಕನ್ನಡಿಗನು ಆ ಹಳೆಯ ದಾರಿಯನ್ನೇ ತುಳಿಯುತ್ತಿದ್ದಾನೆ. ಚಂದಾವರಕರರ ಸಮಾಜದವರೇ ಆದ ಬೆನೆಗಲ್ ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಮುಂದೆ ಸ್ವತಂತ್ರ ಭಾರತದ ಸಂವಿಧಾನರಚನೆಯಲ್ಲಿ ಸಲಹೆಗಾರರಾದರು. ಉತ್ತರ ಕನ್ನಡದ ಹುಡುಗನಿಗಾದರೋ ೧೮೬೨ರ ತರುವಾಯ ದಾರಿಯಿದ್ದುದು ಮುಂಬಯಿಗೆ. ಆ ಗಡಿ ಬದಲಾಗದಿದ್ದರೆ ಚಂದಾವರಕರರು ನಮ್ಮ ಈ ನಗರದ ಹೈಕೋರ್ಟಿನಲ್ಲಿ ಟಿ. ಮುತ್ತುಸ್ವಾಮಿ ಅಯ್ಯರರ ಮುಂದೆ ವಾದಿಸುವ ವಕೀಲರಾಗುವ ಸಂಭವವೇ ಹೆಚ್ಚಾಗಿತ್ತು.

೩

ಹೀಗೆ ಮುಂಬಯಿಯನ್ನು ಸೇರಿದ ಚಂದಾವರಕರರು ಅಲ್ಲಿನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ೧೮೮೧ರಲ್ಲಿ ಕಾನೂನಿನ ಪದವಿಯನ್ನು ಪಡೆದರು. ಅದಕ್ಕೂ ಮೊದಲೇ ಅವರು ಪತ್ರಿಕಾವೃತ್ತಿಗೆ ಇಳಿದಿದ್ದರು. 'ಇಂದುಪ್ರಕಾಶ'ವು ೧೮೬೨ರಲ್ಲಿ ವಿಷ್ಣು ಪರಶುರಾಮ ಶಾಸ್ತ್ರಿ ಪಂಡಿತರು ಆರಂಭಿಸಿದ, ಮರಾಠಿ ಇಂಗ್ಲಿಷ್ ಎರಡು ಭಾಷೆಗಳಲ್ಲಿಯೂ ಹೊರಡುತ್ತಿದ್ದ ಪತ್ರಿಕೆ. ವಿಧವಾವಿವಾಹದ ಪರವಾಗಿ ಹೋರಾಡಿ ಅದು ಹೆಸರಾಗಿತ್ತು. ಅದರ ಇಂಗ್ಲಿಷ್ ಭಾಗದ ಸಂಪಾದಕತ್ವವನ್ನು ಚಂದಾವರಕರರು ಸುಮಾರು ಹತ್ತು ವರ್ಷ ನಡೆಸಿದರು. ವಕೀಲಿ, ಪತ್ರಿಕೆ, ಸಭೆ ಈ ಮೂರೂ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದು ಆ ಕಾಲದ ವಿಶೇಷ ಲಕ್ಷಣ. ಬೆಳಗ್ಗೆ ಕೋರ್ಟಿನಲ್ಲಿ ಕಂಡ ಅನ್ಯಾಯ ಸಂಜೆ ಪತ್ರಿಕೆಯ ಅಗ್ರಲೇಖನವಾಗುವುದಕ್ಕೆ ಅವಕಾಶವಿತ್ತು.

ಅವರನ್ನು ಅಖಿಲ ಭಾರತದ ವೇದಿಕೆಗೆ ತಂದ ವರ್ಷ ೧೮೮೫. ಆ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯುವುದಿತ್ತು. ಭಾರತದ ಆಡಳಿತಕ್ಕೆ ಕಡೆಗೆ ಹೊಣೆಯಾದುದು ಬ್ರಿಟಿಷ್ ಪಾರ್ಲಿಮೆಂಟು. ಅದನ್ನು ಆರಿಸುವವನು ಅಲ್ಲಿನ ಮತದಾರ. ಆದುದರಿಂದ ಭಾರತದ ಅಹವಾಲನ್ನು ಆ ಮತದಾರನ ಮುಂದೆಯೇ ಇಡೋಣ ಎಂದು ಇಲ್ಲಿನ ಸಂಘಗಳು ಆಲೋಚಿಸಿದವು. ಕಲ್ಕತ್ತೆಯಿಂದ ಮನಮೋಹನ ಘೋಷ್, ಮುಂಬಯಿಯಿಂದ ಚಂದಾವರಕರ್, ಮದರಾಸಿನಿಂದ ಸೇಲಂ ರಾಮಸ್ವಾಮಿ ಮುದಲಿಯಾರ್ ಹೀಗೆ ಮೂವರು ನಿಯೋಗಿಗಳು ಆಯ್ಕೆಯಾದರು. ಮೂವರೂ ವಕೀಲರು. ಮದರಾಸಿನಲ್ಲಿ ಮಹಾಜನ ಸಭೆ ೧೮೮೪ರ ಮೇ ತಿಂಗಳಲ್ಲಿ ಹುಟ್ಟಿತ್ತು. ಮುಂಬಯಿ ಪ್ರೆಸಿಡೆನ್ಸಿ ಅಸೋಸಿಯೇಷನ್ ೧೮೮೫ರ ಜನವರಿಯಲ್ಲಿ. ಎಳೆಯ ಸಂಸ್ಥೆಗಳು ತಮ್ಮ ಮೊದಲ ವರ್ಷಗಳಲ್ಲಿಯೇ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕಿದವೆಂಬುದು ಸ್ಮರಣೀಯ.

ಆ ಪ್ರವಾಸದ ತೂಕವನ್ನು ಇಂದು ನಾವು ಊಹಿಸಿಕೊಳ್ಳಬೇಕು. ಚಂದಾವರಕರರಿಗೆ ಆಗ ಮೂವತ್ತು ವರ್ಷ. ವಕೀಲಿ ಆಗತಾನೆ ಬೇರೂರುತ್ತಿದ್ದ ಸಮಯ. ಸಮುದ್ರಯಾನ ಮಾಡಿದವರನ್ನು ಜಾತಿಯಿಂದ ಹೊರಗಿಡುತ್ತಿದ್ದ ದಿನಗಳವು. ಅಂಥಲ್ಲಿ ಅವರು ಹೊರಟರು, ಇಂಗ್ಲೆಂಡಿನ ಊರೂರುಗಳ ಸಭೆಗಳಲ್ಲಿ ಭಾರತದ ಪರವಾಗಿ ಮಾತನಾಡಿದರು. ಕೂಡಲೇ ಫಲ ದೊರೆಯಿತೆನ್ನುವಂತಿಲ್ಲ. ಆ ಚುನಾವಣೆಯಲ್ಲಿ ಡೆಟ್‌ಫರ್ಡಿನಿಂದ ನಿಂತಿದ್ದ ಲಾಲಮೋಹನ ಘೋಷರೂ ಸೋತರು. ಭಾರತೀಯನೊಬ್ಬನು, ದಾದಾಭಾಯಿ ನವರೋಜಿಯವರು, ಅಲ್ಲಿನ ಜನಸಭೆಯನ್ನು ಪ್ರವೇಶಿಸಲು ೧೮೯೨ರವರೆಗೆ ಕಾಯಬೇಕಾಯಿತು. ಆದರೆ ಮೂರು ಪ್ರಾಂತಗಳ ಮೂವರು ಒಂದೇ ದೇಶದ ಪ್ರತಿನಿಧಿಗಳೆಂದು ಪರದೇಶದಲ್ಲಿ ಜೊತೆಯಾಗಿ ನಿಂತದ್ದೇ ಒಂದು ಸಾಧನೆ. ಅವರು ಹಿಂದಿರುಗುವ ಹೊತ್ತಿಗೆ ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ೭೨ ಪ್ರತಿನಿಧಿಗಳು ಸೇರಿ, ಡಿಸೆಂಬರ್ ೨೮ರಂದು ಕಾಂಗ್ರೆಸ್ಸನ್ನು ಆರಂಭಿಸುವುದರಲ್ಲಿದ್ದರು. ಇಂಗ್ಲೆಂಡಿನಲ್ಲಿ ತಮಗಾದ ಅನುಭವಗಳನ್ನು ಚಂದಾವರಕರರು ೧೮೮೭ರಲ್ಲಿ ಒಂದು ಇಂಗ್ಲಿಷ್ ಪುಸ್ತಕವಾಗಿ ಪ್ರಕಟಿಸಿದರು. ಅವರ ಮದರಾಸು ಸಂಗಾತಿಯಾದ ರಾಮಸ್ವಾಮಿ ಮುದಲಿಯಾರರು ೧೮೯೨ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ತೀರಿಕೊಂಡರು.

೪

ರಾಜಕಾರಣದಷ್ಟೇ, ಒಂದು ದೃಷ್ಟಿಯಲ್ಲಿ ಅದಕ್ಕಿಂತಲೂ ಹೆಚ್ಚಾಗಿ, ಚಂದಾವರಕರರ ಮನಸ್ಸನ್ನು ಹಿಡಿದಿದ್ದುದು ಸಮಾಜಸುಧಾರಣೆ. ೧೮೬೭ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಪ್ರಾರ್ಥನಾಸಮಾಜವು ಅವರ ಧಾರ್ಮಿಕ ಮನೆಯಾಯಿತು. ಮಹಾದೇವ ಗೋವಿಂದ ರಾನಡೆಯವರು ಅವರ ಗುರುಸ್ಥಾನದಲ್ಲಿದ್ದರು. ಇಲ್ಲಿಯೂ ಮದರಾಸಿನ ಸಂಬಂಧ ಕಾಣುತ್ತದೆ. ರಾನಡೆಯವರ ರಾಷ್ಟ್ರೀಯ ಸಾಮಾಜಿಕ ಪರಿಷತ್ತು ಹುಟ್ಟಿದ್ದು ೧೮೮೭ರ ಡಿಸೆಂಬರಿನಲ್ಲಿ, ಮದರಾಸಿನ ಕಾಂಗ್ರೆಸ್ ಅಧಿವೇಶನದ ಜೊತೆಯಲ್ಲಿ. ಅದರ ಮೊದಲ ಸಭೆಗೆ ಸರ್ ಟಿ. ಮಾಧವರಾಯರು ಅಧ್ಯಕ್ಷರಾಗಿದ್ದರು. ಮದರಾಸಿನಲ್ಲಿ ೧೮೯೦ರಲ್ಲಿ ಆರಂಭವಾದ 'ಇಂಡಿಯನ್ ಸೋಷಿಯಲ್ ರಿಫಾರ್ಮರ್' ಪತ್ರಿಕೆ ಕೆ. ನಟರಾಜನ್ನರೊಡನೆ ಆ ದಶಕದ ಕೊನೆಯೊಳಗೆ ಮುಂಬಯಿಗೆ ಹೋಯಿತು. ೧೮೯೬ರಲ್ಲಿ ಚಂದಾವರಕರರೇ ಮದರಾಸಿಗೆ ಬಂದು ಇಲ್ಲಿನ ಹಿಂದೂ ಸಮಾಜಸುಧಾರಣಾ ಸಂಘದ ಸಭೆಯಲ್ಲಿ ಭಾಷಣ ಮಾಡಿದರು. ಎರಡು ನಗರಗಳ ನಡುವೆ ಮನುಷ್ಯರೂ ವಿಚಾರಗಳೂ ಹೀಗೆ ಓಡಾಡುತ್ತಿದ್ದುವು.

ಈ ಕಾರ್ಯಕ್ಕೆ ವಿರೋಧ ಹೊರಗಿನಿಂದಷ್ಟೇ ಬರಲಿಲ್ಲ. ವಿವಾಹಿತ ಬಾಲಿಕೆಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ೧೮೯೧ರ ಕಾಯಿದೆಯ ಕಾಲದಲ್ಲಿ ರಾಜಕೀಯದಲ್ಲಿ ಜೊತೆಗಾರರಾಗಿದ್ದವರೇ ಎರಡು ಬಣವಾದರು. ೧೮೯೫ರ ಪುಣೆಯ ಕಾಂಗ್ರೆಸ್ಸಿನಲ್ಲಿ ಸಾಮಾಜಿಕ ಪರಿಷತ್ತಿಗೆ ಕಾಂಗ್ರೆಸ್ಸಿನ ಚಪ್ಪರವನ್ನು ಕೊಡಬಾರದೆಂದು ಎದ್ದ ಗದ್ದಲ ಪ್ರಸಿದ್ಧವಾದುದೇ. ರಾನಡೆಯವರು ಬೇರೆ ಚಪ್ಪರದಲ್ಲಿ ಸಭೆ ನಡೆಸಿದರು. ರಾಜಕೀಯ ಸ್ವಾತಂತ್ರ್ಯ ಮೊದಲೋ ಸಾಮಾಜಿಕ ನ್ಯಾಯ ಮೊದಲೋ ಎಂಬ ವಾದದಲ್ಲಿ ಚಂದಾವರಕರರು ಎರಡನ್ನೂ ಬೇರ್ಪಡಿಸಲಾಗದೆಂಬ ಪಕ್ಷದಲ್ಲಿ ಕಡೆಯವರೆಗೂ ನಿಂತರು.

ಇದೇ ಕಾಲದಲ್ಲಿ ಗಡಿಯ ಆಚೆಯ ದಕ್ಷಿಣ ಕನ್ನಡದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಹೋಲಿಸಿ ನೋಡುವುದು ಉಚಿತ. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ದಲಿತವರ್ಗಗಳ ಉದ್ಧಾರಕ್ಕಾಗಿ ತಮ್ಮ ಮಿಷನ್ನನ್ನು ಆರಂಭಿಸಿದರು. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾಯಿತು; ವಿಧವೆಯ ಮರುಮದುವೆಯನ್ನು ವಸ್ತುವಾಗಿ ತೆಗೆದುಕೊಂಡ ಈ ಕೃತಿ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಮಾನ್ಯವಾಗಿದೆ. ರಂಗರಾಯರೂ ವೆಂಕಟರಾಯರೂ ಚಂದಾವರಕರರ ಸಾರಸ್ವತ ಸಮಾಜದಿಂದಲೇ ಬಂದವರು. ಒಂದೇ ಕಳಕಳಿ ಮುಂಬಯಿಯಲ್ಲಿ ಇಂಗ್ಲಿಷ್ ಭಾಷಣವಾಯಿತು, ಮಂಗಳೂರಿನಲ್ಲಿ ಶಾಲೆಯೂ ಕನ್ನಡ ಕಾದಂಬರಿಯೂ ಆಯಿತು. ೧೯೦೬ರಲ್ಲಿ ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯತಾನಿವಾರಣೆಗಾಗಿ ಭಾರತೀಯ ನಿರಾಶ್ರಿತ ಸಾಹ್ಯಕಾರಿ ಮಂಡಳಿಯನ್ನು ಸ್ಥಾಪಿಸಿದಾಗ ಅದರ ಅಧ್ಯಕ್ಷರಾದವರು ಚಂದಾವರಕರರು. ಶಿಂದೆಯವರು ಜಮಖಂಡಿಯಲ್ಲಿ ಹುಟ್ಟಿದವರು. ಹೊನ್ನಾವರದ ಬ್ರಾಹ್ಮಣ ನ್ಯಾಯಾಧೀಶರೂ ಜಮಖಂಡಿಯ ಮರಾಠಾ ಧರ್ಮಪ್ರಚಾರಕರೂ ಮುಂಬಯಿಯಲ್ಲಿ ಒಂದಾದದ್ದು ನಮ್ಮ ನಾಡಿನ ಚರಿತ್ರೆಯಲ್ಲಿಯೂ ಒಂದು ಸಾಲು ಪಡೆಯಬೇಕಾದ ಸಂಗತಿ.

೫

೧೯೦೦ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ನಡೆದ ಕಾಂಗ್ರೆಸ್ಸಿನ ಹದಿನಾರನೆಯ ಅಧಿವೇಶನಕ್ಕೆ ಚಂದಾವರಕರರು ಅಧ್ಯಕ್ಷರಾದರು. ಅದು ೧೮೯೯–೧೯೦೦ರ ಭೀಕರ ಕ್ಷಾಮದ ಗಾಯ ಇನ್ನೂ ಮಾಯದಿದ್ದ ಸಮಯ. ರೈತನ ಬಡತನ ಮತ್ತು ಭೂಕಂದಾಯದ ಭಾರವೇ ದೇಶದ ಮುಂದಿದ್ದ ಮುಖ್ಯ ಪ್ರಶ್ನೆ. ವಕೀಲ ರಾಜಕಾರಣಿಗೆ ಆ ಕಾಲದಲ್ಲಿ ಜನರು ಕೊಡಬಹುದಾಗಿದ್ದ ಅತ್ಯುನ್ನತ ಗೌರವ ಹೀಗೆ ಅವರಿಗೆ ನಲವತ್ತೈದನೆಯ ವಯಸ್ಸಿನಲ್ಲಿ ದೊರೆಯಿತು.

ಅದಾದ ಕೆಲವೇ ವಾರಗಳಲ್ಲಿ ಅವರ ಜೀವನ ದಿಕ್ಕು ಬದಲಿಸಿತು. ೧೯೦೧ರ ಜನವರಿ ೧೬ರಂದು ರಾನಡೆಯವರು ತೀರಿಕೊಂಡರು. ಮುಂಬಯಿ ಹೈಕೋರ್ಟಿನಲ್ಲಿ ತೆರವಾದ ಆ ನ್ಯಾಯಾಸನ ಚಂದಾವರಕರರಿಗೆ ಬಂದಿತು. ಪ್ರಾರ್ಥನಾಸಮಾಜದ ಮುಂದಾಳುತನವೂ, ಸಾಮಾಜಿಕ ಪರಿಷತ್ತಿನ ಹೊಣೆಯೂ ಅವರ ಹೆಗಲಿಗೇ ಬಿದ್ದವು. ಗುರುವಿನ ಮೂರು ಭಾರಗಳನ್ನು ಶಿಷ್ಯನು ಒಟ್ಟಿಗೆ ಹೊತ್ತಂತಾಯಿತು. ಆದರೆ ನ್ಯಾಯಾಧೀಶನಾದವನಿಗೆ ರಾಜಕೀಯ ನಿಷಿದ್ಧ. ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಇಳಿದವರು ನೇರವಾಗಿ ಸರಕಾರದ ನ್ಯಾಯಪೀಠವನ್ನು ಏರಿದರು.

ಇದನ್ನು ಒಬ್ಬ ವ್ಯಕ್ತಿಯ ಆಸೆಯೆಂದು ಬಗೆದರೆ ತಪ್ಪಾದೀತು. ಆ ಕಾಲದ ಪಟ್ಟಿಯನ್ನು ನೋಡಿದರೆ ಒಂದು ಕ್ರಮವೇ ಕಾಣುತ್ತದೆ. ಮುಂಬಯಿಯಲ್ಲಿ ಕಾಶೀನಾಥ ತ್ರ್ಯಂಬಕ ತೇಲಂಗರು ೧೮೮೯ರಲ್ಲಿ, ೧೮೮೭ರ ಮದರಾಸು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಬದ್ರುದ್ದೀನ್ ತ್ಯಾಬ್ಜಿಯವರು ೧೮೯೫ರಲ್ಲಿ ನ್ಯಾಯಾಧೀಶರಾದರು. ಮದರಾಸಿನಲ್ಲಿ ಎಸ್. ಸುಬ್ರಹ್ಮಣ್ಯ ಅಯ್ಯರರು ೧೮೯೫ರಲ್ಲಿ, ೧೮೯೭ರ ಕಾಂಗ್ರೆಸ್ ಅಧ್ಯಕ್ಷರಾದ ಸಿ. ಶಂಕರನ್ ನಾಯರರು ೧೯೦೮ರಲ್ಲಿ, ವಿ. ಕೃಷ್ಣಸ್ವಾಮಿ ಅಯ್ಯರರು ೧೯೦೯ರಲ್ಲಿ ಅದೇ ದಾರಿಯಲ್ಲಿ ನಡೆದರು. ಶಾಸನಸಭೆಗಳೆಂದರೆ ಆಗ ೧೮೬೧ರ ಕಾಯಿದೆಯ ನಾಮಕರಣ ಸಭೆಗಳು; ೧೮೯೨ರಲ್ಲಿ ಬಂದುದು ಪರೋಕ್ಷ ಚುನಾವಣೆಯ ನೆರಳು ಮಾತ್ರ. ಮಂತ್ರಿಪದವಿಯೆಂಬುದಿರಲಿಲ್ಲ. ಭಾರತೀಯನ ಬುದ್ಧಿಗೆ ಸರಕಾರ ತೆರೆದಿಟ್ಟಿದ್ದ ಅತ್ಯುನ್ನತ ಬಾಗಿಲು ಹೈಕೋರ್ಟಿನದು. ಅಲ್ಲಿ ಕುಳಿತ ಭಾರತೀಯನು ತನ್ನ ಜನರ ಯೋಗ್ಯತೆಗೆ ಸಾಕ್ಷಿಯಾಗುತ್ತಾನೆಂಬ ಭಾವನೆಯೂ ಜನರಲ್ಲಿತ್ತು. ಆದುದರಿಂದ ಆ ಪದವಿಯನ್ನು ಒಪ್ಪಿದವರನ್ನು ಅಂದಿನವರು ಪಕ್ಷತ್ಯಾಗಿಗಳೆಂದು ಬಗೆಯಲಿಲ್ಲ, ಅಭಿನಂದಿಸಿದರು. ಆದರೂ ಅದರ ಬೆಲೆಯನ್ನು ತೆತ್ತದ್ದು ಸಾರ್ವಜನಿಕ ಜೀವನ. ಅದರ ಅತ್ಯಂತ ಸಮರ್ಥರು ಪಕ್ವವಾದ ವಯಸ್ಸಿನಲ್ಲಿ ಒಬ್ಬೊಬ್ಬರಾಗಿ ಮೌನವನ್ನು ಧರಿಸಿದರು.

೬

ನ್ಯಾಯಪೀಠದ ವರ್ಷಗಳಲ್ಲಿ ಗೌರವಗಳು ಒಂದರ ಹಿಂದೊಂದು ಬಂದವು. ೧೯೦೯ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ೧೯೧೦ರಲ್ಲಿ 'ಸರ್' ಪದವಿ ದೊರೆಯಿತು. ೧೯೧೧ರಲ್ಲಿ ಅವರ ಭಾಷಣ ಲೇಖನಗಳ ಸಂಪುಟ ಪ್ರಕಟವಾಯಿತು. ಆದರೆ ಇದೇ ವರ್ಷಗಳಲ್ಲಿ ಅವರು ಅತ್ಯಂತ ಕಠಿಣವಾದ ಒಂದು ಪೀಠದಲ್ಲಿ ಕುಳಿತುಕೊಳ್ಳಬೇಕಾಯಿತು. ನಾಸಿಕದ ಕಲೆಕ್ಟರ್ ಜಾಕ್ಸನ್ನನ ಕೊಲೆಯ ತರುವಾಯ ನಡೆದ ಪಿತೂರಿಯ ಮೊಕದ್ದಮೆಗಾಗಿ, ಜ್ಯೂರಿಯೂ ಅಪೀಲೂ ಇಲ್ಲದ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಪೀಠವನ್ನು ನೇಮಿಸಲಾಯಿತು. ಮುಖ್ಯ ನ್ಯಾಯಾಧೀಶ ಸರ್ ಬೇಸಿಲ್ ಸ್ಕಾಟ್, ನ್ಯಾಯಮೂರ್ತಿ ಹೀಟನ್ ಇವರೊಡನೆ ಮೂರನೆಯವರಾಗಿ ಕುಳಿತವರು ಚಂದಾವರಕರರು. ವಿನಾಯಕ ದಾಮೋದರ ಸಾವರಕರರಿಗೆ ೧೯೧೦ರ ಡಿಸೆಂಬರಿನಲ್ಲಿ ಒಂದು, ೧೯೧೧ರ ಜನವರಿಯಲ್ಲಿ ಇನ್ನೊಂದು, ಹೀಗೆ ಎರಡು ಆಜೀವ ಕರಿನೀರಿನ ಶಿಕ್ಷೆಗಳನ್ನು ವಿಧಿಸಿದ್ದು ಆ ಪೀಠವೇ.

ನ್ಯಾಯಪೀಠದಿಂದ ನಿವೃತ್ತರಾದ ಮೇಲೆ ಅವರು ಕೆಲಕಾಲ ಇಂದೂರು ಸಂಸ್ಥಾನದ ದಿವಾನರಾಗಿದ್ದರು. ೧೯೧೮ರಲ್ಲಿ ಮತ್ತೊಂದು ವಿವಾದಾಸ್ಪದವಾದ ಕೆಲಸ ಅವರ ಪಾಲಿಗೆ ಬಂದಿತು. ಯುದ್ಧಕಾಲದ ಕಾಯಿದೆಯಂತೆ ವಿಚಾರಣೆಯಿಲ್ಲದೆ ಬಂಧಿತರಾಗಿದ್ದ ಬಂಗಾಲದ ತರುಣರ ದಾಖಲೆಗಳನ್ನು ಪರಿಶೀಲಿಸಲು ನ್ಯಾಯಾಧೀಶ ಬೀಚ್‌ಕ್ರಾಫ್ಟರೊಡನೆ ಅವರನ್ನು ನೇಮಿಸಿದರು. ಪರಿಶೀಲಿಸಿದ ೮೦೬ ಪ್ರಕರಣಗಳಲ್ಲಿ ಆರರಲ್ಲಿ ಮಾತ್ರ ಬಂಧನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಈ ಇಬ್ಬರೂ ಅಭಿಪ್ರಾಯಪಟ್ಟರು. ಆರೋಪಿಯ ಪರವಾಗಿ ವಕೀಲನಿಲ್ಲದೆ, ಸಾಕ್ಷಿಗೆ ಪಾಟೀಸವಾಲಿಲ್ಲದೆ, ಪೋಲೀಸರ ಕಾಗದಗಳನ್ನು ಮಾತ್ರ ನೋಡಿ ತೀರ್ಮಾನಿಸುವ ಕೆಲಸವನ್ನು, ಇಂಗ್ಲೆಂಡಿನ ಮತದಾರನ ಮುಂದೆ ಭಾರತದ ಮೊಕದ್ದಮೆಯನ್ನು ವಾದಿಸಿದ ವಕೀಲರೇ ಒಪ್ಪಿಕೊಂಡರಲ್ಲ ಎಂಬ ವ್ಯಥೆ ಓದುವವರಿಗೆ ಉಂಟಾಗದಿರದು.

ಇಲ್ಲಿ ಮದರಾಸಿನ ಇಬ್ಬರನ್ನು ನೆನೆಯುವುದು ಅವಶ್ಯ. ಸುಬ್ರಹ್ಮಣ್ಯ ಅಯ್ಯರರು ನ್ಯಾಯಾಧೀಶ ಪದವಿಯಿಂದ ನಿವೃತ್ತರಾಗಿ ಹತ್ತು ವರ್ಷ ಕಳೆದ ಮೇಲೆ, ೧೯೧೭ರಲ್ಲಿ, ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೆ ಭಾರತದ ಸ್ವರಾಜ್ಯದ ವಿಚಾರವಾಗಿ ಪತ್ರ ಬರೆದರು. ಅದಕ್ಕಾಗಿ ಆಕ್ಷೇಪ ಬಂದಾಗ ಸರಕಾರವಿತ್ತ ಬಿರುದುಗಳನ್ನು ಬಿಟ್ಟುಕೊಟ್ಟರು. ಶಂಕರನ್ ನಾಯರರು ೧೯೧೯ರಲ್ಲಿ ಪಂಜಾಬಿನ ಅತ್ಯಾಚಾರಗಳ ಕಾರಣದಿಂದ ವೈಸರಾಯರ ಕಾರ್ಯಕಾರಿ ಮಂಡಲಿಗೆ ರಾಜೀನಾಮೆಯಿತ್ತರು. ಒಂದೇ ಶಾಲೆಯಲ್ಲಿ ಬೆಳೆದವರು ಪರೀಕ್ಷೆಯ ಕಾಲದಲ್ಲಿ ಬೇರೆ ಬೇರೆ ಉತ್ತರ ಬರೆದರು. ಚಂದಾವರಕರರ ಉತ್ತರ ಸೌಮ್ಯವಾದುದು. ೧೯೨೦ರಲ್ಲಿ ಜಲಿಯನ್‌ವಾಲಾಬಾಗಿನ ಹತ್ಯೆಯ ಬಗೆಗೆ ಹಂಟರ್ ಸಮಿತಿ ಕೊಟ್ಟ ವರದಿಯನ್ನು ಪ್ರತಿಭಟಿಸಲು ಮುಂಬಯಿಯಲ್ಲಿ ನೆರೆದ ಸಭೆಗೆ ಅವರೇ ಅಧ್ಯಕ್ಷರಾದರು. ಆದರೆ ಕಾಯಿದೆಯ ಗೆರೆಯನ್ನು ದಾಟಿದ ಚಳುವಳಿಯಲ್ಲಿ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಕಾಯಿದೆಯು ನ್ಯಾಯಕ್ಕೆ ವಾಹನವೆಂದು ನಂಬಿ ಬದುಕಿದ ಪೀಳಿಗೆಗೆ, ಕಾಯಿದೆಯೇ ಅನ್ಯಾಯದ ಉಡುಪನ್ನು ತೊಟ್ಟು ಬಂದಾಗ ಗುರುತಿಸುವುದು ಕಷ್ಟವಾಯಿತು. ಇದು ಅವರೊಬ್ಬರ ದೌರ್ಬಲ್ಯವಲ್ಲ. ವಕೀಲ ರಾಜಕಾರಣದ ಮಿತಿಯೇ ಅದು.

ಮಾಂಟೆಗ್ಯೂ–ಚೆಮ್ಸ್‌ಫರ್ಡ್ ಸುಧಾರಣೆಗಳಂತೆ ೧೯೨೧ರಲ್ಲಿ ಹೊಸ ಮುಂಬಯಿ ಶಾಸನಸಭೆ ಏರ್ಪಟ್ಟಾಗ ಚಂದಾವರಕರರು ಅದರ ಅಧ್ಯಕ್ಷರಾದರು. ಅರುವತ್ತೈದನೆಯ ವಯಸ್ಸಿನಲ್ಲಿ, ಬಹುಪಾಲು ಚುನಾಯಿತರಾದ ಸದಸ್ಯರಿದ್ದ ಸಭೆಯೊಂದನ್ನು ನಡೆಸುವ ಅವಕಾಶ ಅವರಿಗೆ ಬಂದಿತು. 'ನಮ್ಮ ಪ್ರತಿನಿಧಿಗಳ ಸಭೆ ಬೇಕು' ಎಂಬುದು ೧೮೮೫ರ ಮೊದಲ ಕಾಂಗ್ರೆಸ್ಸಿನ ಮುಖ್ಯ ಕೋರಿಕೆಗಳಲ್ಲೊಂದು. ಮೂವತ್ತಾರು ವರ್ಷಗಳ ತರುವಾಯ ಅದು ಅರೆಬರೆಯಾಗಿ ಕೈಗೂಡಿದಾಗ, ಆ ಕಾಲದ ಹೋರಾಟಗಾರರ ಪೈಕಿ ಬಹುಮಂದಿ ತೀರಿಹೋಗಿದ್ದರು. ದೇಶವೂ ಅದಕ್ಕೆ ತೃಪ್ತಿಪಡದಷ್ಟು ಮುಂದೆ ಹೋಗಿತ್ತು. ಆ ಪದವಿಯಲ್ಲಿರುವಾಗಲೇ ೧೯೨೩ರ ಮೇ ೧೪ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

೭

ಇನ್ನು ಉಳಿದ ಪ್ರಶ್ನೆ: ಚಂದಾವರಕರರು ನಮ್ಮವರೇ? ಅವರ ಮನೆಮಾತು ಕನ್ನಡವಲ್ಲ. ಅವರ ಸಂಪಾದಕತ್ವದ ಲೇಖನಗಳು, ಭಾಷಣಗಳು, ತೀರ್ಪುಗಳೆಲ್ಲ ಇಂಗ್ಲಿಷಿನಲ್ಲಿವೆ. ಅವರ ಸಮಾಜದಿಂದಲೇ ಬಂದ ಪಂಜೆ ಮಂಗೇಶರಾಯರಂತೆ ಅವರು ಕನ್ನಡಕ್ಕೆ ಒಂದು ಪುಸ್ತಕವನ್ನು ಕೊಟ್ಟವರಲ್ಲ. ಕನ್ನಡ ಸಾಹಿತ್ಯಚರಿತ್ರೆ ಅವರನ್ನು ಕಡೆಗಣಿಸಿದರೆ ಅದರಲ್ಲಿ ಅನ್ಯಾಯವಿಲ್ಲ.

ಆದರೆ ನಾಡಿನ ಚರಿತ್ರೆ ಸಾಹಿತ್ಯಚರಿತ್ರೆಗಿಂತ ವಿಶಾಲವಾದುದು. ಕರಾವಳಿಯ ಸಣ್ಣ ಊರುಗಳಿಂದ ಹೊರಟ ವಕೀಲರ ಪೀಳಿಗೆಯೊಂದು ಆ ಕಾಲದಲ್ಲಿ ಏನೇನು ಕಟ್ಟಿತೆಂಬುದನ್ನು ನೋಡಬೇಕು. ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನ ವಕೀಲರು. ೧೮೯೧ರಲ್ಲಿ ಕೆನರಾ ಹೈಸ್ಕೂಲನ್ನೂ ೧೯೦೬ರ ಜುಲೈಯಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನೂ ಸ್ಥಾಪಿಸಿದರು. ಉತ್ತರ ಕನ್ನಡದ ಮೂಲದವರಾಗಿ ಮುಂಬಯಿಯಲ್ಲಿ ವಕೀಲರಾಗಿದ್ದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ತಲ್ಮಕಿ ಶ್ರೀಪಾದ ಸುಬ್ಬರಾಯರು ಅದೇ ೧೯೦೬ರ ಡಿಸೆಂಬರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು; ಅದು ಮುಂದೆ ದೊಡ್ಡ ಸಹಕಾರಿ ಬ್ಯಾಂಕಾಯಿತು. ಬ್ಯಾಂಕಿನ ವೃತ್ತಿಯಲ್ಲಿರುವ ನನ್ನಂಥವನಿಗೆ ಈ ಎರಡು ಸಂಸ್ಥೆಗಳೂ, ಅದೇ ವರ್ಷ ಚಂದಾವರಕರರು ಅಧ್ಯಕ್ಷರಾದ ಶಿಂದೆಯವರ ಮಂಡಳಿಯೂ ಒಂದೇ ಮನೋಧರ್ಮದ ಮೂರು ರೂಪಗಳಾಗಿ ಕಾಣುತ್ತವೆ. ನಂಬಿಕೆಯನ್ನು ನಿಯಮಾವಳಿಯಾಗಿ ಬರೆದಿಟ್ಟು, ಲೆಕ್ಕ ಒಪ್ಪಿಸಿ, ಅಪರಿಚಿತರೂ ಕೂಡಿ ಕೆಲಸಮಾಡುವಂತೆ ಮಾಡುವುದೇ ಆ ಮನೋಧರ್ಮ. ಈ ಗುಣ ನ್ಯಾಯಾಲಯದಿಂದ ಕಲಿತದ್ದು. ವಕೀಲ ರಾಜಕಾರಣದ ಮಿತಿಯನ್ನು ಮೇಲೆ ಹೇಳಿದೆ. ಇದು ಅದರ ಸತ್ವ.

ಒಬ್ಬ ದೊಡ್ಡ ಮನುಷ್ಯನು ನಮ್ಮ ಊರಿನಲ್ಲಿ ಹುಟ್ಟಿದನೆಂದು ಹೆಮ್ಮೆಪಡುವುದು ಸುಲಭ. ಆದರೆ ಹೆಮ್ಮೆ ಜಮೆಯ ಪುಟವನ್ನು ಮಾತ್ರ ಓದುತ್ತದೆ. ೧೮೮೫ರ ಧೈರ್ಯವನ್ನೂ ೧೯೦೬ರ ಕರುಣೆಯನ್ನೂ ನಮ್ಮವೆಂದು ಬರೆದುಕೊಳ್ಳುವವರು ೧೯೧೦ರ ತೀರ್ಪನ್ನೂ ೧೯೧೮ರ ವರದಿಯನ್ನೂ ಅದೇ ಪುಸ್ತಕದ ಎದುರು ಪುಟದಲ್ಲಿ ಬರೆಯಬೇಕಾಗುತ್ತದೆ. ಹಾಗೆ ಪೂರ್ತಿ ಲೆಕ್ಕ ಬರೆಯಲು ಸಿದ್ಧರಿರುವವರಿಗೆ ಮಾತ್ರ ನಮ್ಮವನೆನ್ನುವ ಹಕ್ಕು ಸಲ್ಲುತ್ತದೆ.

ಪರಪ್ರಾಂತದಲ್ಲಿ ನೆಲೆಸಿದ ನಮಗೆ ಈ ಜೀವನ ಹತ್ತಿರದ್ದಾಗಲು ಇನ್ನೂ ಒಂದು ಕಾರಣವಿದೆ. ಹುಟ್ಟಿದ ನೆಲದ ಮೇಲೆ ಯಾರೋ ಎಳೆದ ಗೆರೆಯಿಂದ ದೂರದ ನಗರ ಸೇರಿದವರು ನಾವೂ ಹೌದು. ಆ ನಗರದ ಸಾರ್ವಜನಿಕ ಜೀವನಕ್ಕೆ ಹೊರಗಿನವರಾಗಿ ಉಳಿಯದೆ, ಅದರ ಸಭೆ ಪತ್ರಿಕೆ ವಿದ್ಯಾಸಂಸ್ಥೆಗಳ ಭಾರವನ್ನು ಹೊತ್ತವರು ಚಂದಾವರಕರರು. ತಾವು ಬಿಟ್ಟುಬಂದ ಭಾಷೆಗೆ ತಮ್ಮ ವಿಚಾರವನ್ನು ಹಿಂದಿರುಗಿಸುವ ಕೆಲಸವೊಂದು ಮಾತ್ರ ಅವರಿಂದಾಗದೆ ಉಳಿಯಿತು. ಅವರ ಭಾಷಣಗಳಲ್ಲಿ ಆಯ್ದವು ಕನ್ನಡಿಗನ ಕೈಗೆ ಕನ್ನಡದಲ್ಲಿಯೇ ಸುಲಭವಾಗಿ ಸಿಗುವಂತಾಗಬೇಕು; ಮೊದಲಿಗೆ, ಅವರು ೧೮೯೬ರಲ್ಲಿ ಈ ನಗರದಲ್ಲಿಯೇ ಮಾಡಿದ ಭಾಷಣ. ಎರಡು ಭಾಷೆಗಳನ್ನೂ ಬಲ್ಲ, ಮದರಾಸಿನ ಗ್ರಂಥಾಲಯಗಳಿಗೆ ಹತ್ತಿರದಲ್ಲಿರುವ ನಮ್ಮ ಸಂಘದ ಸದಸ್ಯರಿಗೆ ಈ ಕೆಲಸ ಅಸಾಧ್ಯವೇನೂ ಅಲ್ಲ.